ಬಲಗಡೆಯ ತಲೆ

ನಮ್ಮ ಮನೆಯಲ್ಲಿ ಗಂಡಭೇರುಂಡವನ್ನು ಯಾರೂ ಒಬ್ಬರೇ ಕೆತ್ತುತ್ತಿರಲಿಲ್ಲ. ಮೈ, ರೆಕ್ಕೆ, ಬಾಲ, ಉಗುರು ಯಾರು ಬೇಕಾದರೂ ಮಾಡಬಹುದಿತ್ತು. ತಲೆಗಳಿಗೆ ಮಾತ್ರ ಇಬ್ಬರು ಬೇಕು. ಎಡದ್ದು ಒಬ್ಬರ ಕೈ, ಬಲದ್ದು ಇನ್ನೊಬ್ಬರ ಕೈ. ಇದು ಯಾವ ಶಾಸ್ತ್ರದಲ್ಲೂ ಇಲ್ಲ, ಅಪ್ಪ ಮಾಡಿಕೊಂಡ ಪದ್ಧತಿ. ಎರಡು ತಲೆಯೂ ಒಂದೇ ಕೈಯಲ್ಲಿ ಬಂದರೆ ಹಕ್ಕಿಗೆ ಒಂದೇ ಬುದ್ಧಿ ಇರುತ್ತದೆ, ಮತ್ತೆ ಎರಡು ತಲೆ ಯಾಕೆ ಎನ್ನುತ್ತಿದ್ದರು. ನೋಡುವವರ ಎಡಕ್ಕೆ ಬರುವ ತಲೆ ಅಪ್ಪನದು, ಬಲಕ್ಕೆ ಬರುವುದು ಚಿಕ್ಕಪ್ಪನದು.

ನಾನು ಹೈಸ್ಕೂಲಿನಲ್ಲಿದ್ದಾಗ ಚಿಕ್ಕಪ್ಪ ಉಳಿ ಬಿಟ್ಟು ಊರ ಪಕ್ಕದ ತಾಂಡ್ಯದ ಫ್ಯಾಕ್ಟರಿಯೊಂದಕ್ಕೆ ಸೇರಿದರು. ಅಪ್ಪ ಅಣ್ಣನ ಕೈಗೆ ಬಲದ ತಲೆ ಕೊಟ್ಟು ನೋಡಿದರು. ಅಣ್ಣ ಅಪ್ಪನ ಪಕ್ಕ ಕೂತು ಅಪ್ಪನದನ್ನೇ ನೋಡಿಕೊಂಡು ಹಾಗೇ ಇಳಿಸಿದ. ಅಪ್ಪ ದೂರ ನಿಂತು ನೋಡಿ, "ಇವೇನ್ಲಾ, ಅವಳಿ ಕೋಳಿಗಳಾ?" ಅಂದರು. ಆಮೇಲೆ ಕಲ್ಲಿನ ಪುಡಿ ಗುಡಿಸುತ್ತಿದ್ದ ನನ್ನ ಕಡೆ ತಿರುಗಿ, "ಬಾ ಮಗಾ, ನೀನೊಂದ್ ಕಿತ ಉಳಿ ಇಡಿ ನೋಡಾವು" ಅಂದರು. ಹೆಣ್ಣುಮಕ್ಕಳಿಗೆ ಯಾಕೆ ಅದೆಲ್ಲ ಎಂದು ಅವ್ವ ಒಳಗಿನಿಂದ ಗೊಣಗಿದಳು. ಅಪ್ಪನಿಗೆ ಕೇಳಿಸಲಿಲ್ಲವೋ, ಕೇಳಿಸದವರ ಹಾಗೆ ಇದ್ದರೋ, ಅಂತೂ ಅವತ್ತಿನಿಂದ ಬಲಗಡೆಯ ತಲೆ ನನ್ನದಾಯಿತು. ಅಪ್ಪನ ಕಣ್ಣು ಮಂಜಾದ ಮೇಲೆ ಎಡಗಡೆಯದು ಅಣ್ಣನಿಗೆ ಬಂತು.

ಅಣ್ಣನ ತಲೆ ಶಿಸ್ತಿನದು. ಕೊಕ್ಕು ನೇರ, ಕತ್ತಿನ ಗರಿಗಳು ಹೆಂಚು ಹೊದಿಸಿದ ಹಾಗೆ ಸಾಲಾಗಿರುತ್ತವೆ. ನನ್ನದು ಕತ್ತನ್ನು ಸ್ವಲ್ಪ ಹೆಚ್ಚಾಗಿ ಕೊಂಕಿಸುತ್ತದೆ, ಕೊಕ್ಕು ಅಕ್ಕಿಕಾಳಿನಷ್ಟು ತೆರೆದಿರುತ್ತದೆ, ಯಾರಿಗೋ ತಿರುಗಿ ಉತ್ತರ ಕೊಡಲು ಹೊರಟ ಹಾಗೆ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಅದು ಕಲ್ಲಿಗೂ ಇಳಿದಿರಬೇಕು.

ಮದುವೆಯಾಗಿ ತಿರುಮಕೂಡಲು ನರಸೀಪುರಕ್ಕೆ ಬಂದ ಮೇಲೂ ಈ ಕೆಲಸ ಬಿಡಲಿಲ್ಲ. ನಂಜನಗೂಡಿನ ತವರಿನ ಶೆಡ್ಡಿನಲ್ಲಿ ಅಣ್ಣ ಮೈ ಮುಗಿಸಿ ತನ್ನ ತಲೆಯನ್ನೂ ಮುಗಿಸುತ್ತಿದ್ದ. ಬಲಗಡೆ ಒಂದು ಒರಟು ಗಡ್ಡೆ ಬಿಟ್ಟು, "ನಿನ್ ತಲೆ ಕಾಯ್ತಾ ಅದೆ, ಬಾ" ಎಂದು ಫೋನ್ ಮಾಡುತ್ತಿದ್ದ. ನಾನು ಅಡಿಗೆ ಮುಗಿಸಿ ಬಸ್ಸು ಹತ್ತುತ್ತಿದ್ದೆ. ಅತ್ತಿಗೆಯ ಕೈಯ ಕಾಫಿ, ಗ್ರೈಂಡರಿನ ಗದ್ದಲ, ಸೆರಗೆಲ್ಲ ಕೃಷ್ಣಶಿಲೆಯ ಧೂಳು. ತವರು ಅಂದರೆ ನನಗೆ ಅರಿಸಿನ ಕುಂಕುಮವಲ್ಲ, ಆ ಗಡ್ಡೆಯೇ.

ಬರುವ ಗಿರಾಕಿಗಳೂ ತರಾವರಿ. ಸರ್ಕಾರದ ಪೂರ್ತಿ ಲಾಂಛನ, ಅಂದರೆ ನಾಲ್ಕು ಸಿಂಹ, ಆ ಕಡೆ ಈ ಕಡೆ ಗಜಕೇಸರಿ, ನಡುವೆ ಗುರಾಣಿ, ಅದೆಲ್ಲ ಕಚೇರಿಗಳಿಗೆ ಮಾತ್ರ. ಖಾಸಗಿಯವರು ಕೇಳಿದರೆ ಅಣ್ಣ ಒಪ್ಪುತ್ತಿರಲಿಲ್ಲ, ಬರೀ ಹಕ್ಕಿ ಮಾಡಿಕೊಡುತ್ತಿದ್ದ. ಈಚೆಗೆ ದುಡ್ಡು ಕಂಡವರಿಗೆಲ್ಲ ತಮ್ಮದೇ ಲಾಂಛನ ಬೇಕು. ಒಬ್ಬ ರೈಸ್‌ಮಿಲ್ಲಿನವರು ಎರಡು ಸಿಂಹ ಭತ್ತದ ಹೊರೆ ಹಿಡಿದಿರಬೇಕು ಅಂದರು. "ಸಿಂಹ ಬತ್ತ ತಿನ್ನಾಕಿಲ್ಲ ಸಾ" ಅಂದ ಅಣ್ಣ. "ತಿನ್ನೋದ್ ಬ್ಯಾಡ ಕಣಪ್ಪ, ಕಾಯ್ಲಿ" ಅಂದರು ಅವರು. ಅವರು ಹೋದ ಮೇಲೆ ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ನಗು ಸುಳ್ಳಲ್ಲ ಎಂದು ಈಗಲೂ ನಂಬುತ್ತೇನೆ, ನಂಬದೆ ಬೇರೆ ದಾರಿ ಇಲ್ಲ.

ಒಂದು ಸಲ ಹೊಸ ಕಲ್ಯಾಣಮಂಟಪವೊಂದರ ಹೆಬ್ಬಾಗಿಲಿಗೆ ದೊಡ್ಡ ಗಂಡಭೇರುಂಡ ಬೇಕೆಂದು ಆರ್ಡರ್ ಬಂತು. ಮೊದಲು ಸಣ್ಣದೊಂದು ಮಾದರಿ ಮಾಡಿ ತೋರಿಸಬೇಕಿತ್ತು. ಅಷ್ಟು ಮನಸ್ಸಿಟ್ಟು ನಾನು ಯಾವ ತಲೆಯನ್ನೂ ಮಾಡಿರಲಿಲ್ಲ. ಕಣ್ಣಿನ ಸುತ್ತ ಗರಿಯನ್ನು ಒಂದೊಂದಾಗಿ ಬಿಡಿಸಿದೆ. ಮುಗಿಸಿದ ದಿನ ಅಣ್ಣ ಅದರ ಮುಂದೆ ತುಂಬ ಹೊತ್ತು ನಿಂತಿದ್ದ. ಕೆಲವು ವಾರದ ಮೇಲೆ ಫೋನ್ ಮಾಡಿ, "ಪಾರ್ಟಿ ಕೈಬಿಟ್ರು ಕಣವ್ವ" ಅಂದ. ಅಲ್ಲಿಂದಾಚೆ ಬಾ ಎಂಬ ಫೋನೇ ಬರಲಿಲ್ಲ. ನಾನಾಗಿ ಕೇಳಿದರೆ, "ಕೆಲ್ಸ ಕಮ್ಮಿ ಆಗದೆ, ಈಗ್ಯಾರು ಕಲ್ಲು ಕೇಳ್ತಾರೆ" ಅನ್ನುತ್ತಿದ್ದ. ಒಬ್ಬನೇ ಹೇಗೆ ಸಂಸಾರ ತೂಗಿಸುತ್ತಾನೋ ಎಂದು ನಾನು ಇಲ್ಲಿ ಮರುಗುತ್ತಿದ್ದೆ.

ಹೋದ ವರ್ಷ ನನ್ನ ಯಜಮಾನರ ಕಡೆಯ ಒಂದು ಮದುವೆಗೆ ಸೋಮನಾಥಪುರದ ದಾರಿಯ ಹೊಸ ಛತ್ರಕ್ಕೆ ಹೋದೆವು. ಆಟೋದಿಂದ ಇಳಿದು ತಲೆ ಎತ್ತಿದರೆ ಬಾಗಿಲ ಮೇಲೆ ಗಂಡಭೇರುಂಡ. ಎಡಗಡೆಯ ತಲೆ ನೋಡುತ್ತಿದ್ದಂತೆ ಅಣ್ಣನ ಕೈ ಗೊತ್ತಾಯಿತು. ಅವನ ಹೆಬ್ಬೆರಳಿಗೆ ಹಿಂದೆ ಪೆಟ್ಟು ಬಿದ್ದು, ಕಣ್ಣಿನ ಕೆಳಗೆ ಬರುವಾಗ ಉಳಿ ಕೊಂಚ ಜಾರಿ ಒಂದು ಗೀರು ಬೀಳುತ್ತದೆ. ಆ ಗೀರು ಅಲ್ಲಿತ್ತು. ಹಾಗಾದರೆ ಕೆಲಸ ಕೈಬಿಟ್ಟಿರಲಿಲ್ಲ, ಇದೇ ಆ ಛತ್ರ. ಅಣ್ಣ ಸುಳ್ಳು ಹೇಳಿದ್ದರೂ, ನಮ್ಮ ಮಾದರಿಯನ್ನೇ ದೊಡ್ಡದು ಮಾಡಿರುತ್ತಾನೆಂದು ಒಳಗೊಳಗೇ ಖುಷಿಯಾಯಿತು. ಇಷ್ಟು ಎತ್ತರದಲ್ಲಿ ನನ್ನ ತಲೆಯನ್ನು ನಾನು ಎಂದೂ ನೋಡಿರಲಿಲ್ಲ. ಬಲಕ್ಕೆ ನೋಡಿದೆ.

ಬಲಗಡೆಯೂ ಅಣ್ಣನದೇ ತಲೆ. ಅದೇ ನೇರ ಕೊಕ್ಕು, ಅದೇ ಹೆಂಚಿನ ಸಾಲು. ಕಣ್ಣಿನ ಕೆಳಗೆ ಅದೇ ಗೀರು, ಅಷ್ಟೇ ಉದ್ದ. ಕೈ ಒಂದು ಸಲ ಜಾರಿದ ಹಾಗೆ ಇನ್ನೊಂದು ಸಲ ಜಾರುವುದಿಲ್ಲ. ಮಕ್ಕಳು ಶಾಯಿ ಚೆಲ್ಲಿ ಕಾಗದ ಮಡಚಿ ಒತ್ತುತ್ತಾರಲ್ಲ, ಹಾಗಿತ್ತು. ನಾನು ಬಾಯಿ ಬಿಟ್ಟುಕೊಂಡು ನಿಂತದ್ದನ್ನು ಕಂಡು ಛತ್ರದ ವಾಚ್‌ಮನ್ನು ಹತ್ತಿರ ಬಂದ. "ತಾಂಡ್ಯದಾಗೆ ಮಿಷನ್ನಾಗೆ ಕೊರ್ಸಿರದು ಕಣಕ್ಕಾ. ಎಲ್ಡೂ ಕಡೆ ಎಂಗೆ ಒಂದೇ ತರ ಅದೆ ನೋಡಿ" ಎಂದು ಹೆಮ್ಮೆಯಿಂದ ತೋರಿಸಿದ. ಯಜಮಾನರು ಊಟದ ಪಂಕ್ತಿಗೆ ಕರೆದರು. ಹೋಗಿ ಕೂತೆ. ಎಲೆಯಲ್ಲಿ ಏನು ಬಡಿಸಿದರೋ ಗೊತ್ತಿಲ್ಲ.

ಮಾರನೇ ದಿನವೇ ನಂಜನಗೂಡಿಗೆ ಹೋದೆ. ಅಣ್ಣ ಶೆಡ್ಡಿನಲ್ಲಿ ಮಷಿನ್ನಿನಿಂದ ಬಂದ ಇನ್ನೊಂದು ಹಕ್ಕಿಯನ್ನು ನುಣುಪು ಮಾಡುವ ನೀರುಕಾಗದದಲ್ಲಿ ಉಜ್ಜುತ್ತಿದ್ದ. ನನ್ನ ಮುಖ ನೋಡಿಯೇ ಅವನಿಗೆ ತಿಳಿಯಿತು.

"ಛತ್ರ ನೋಡ್ಕೊಂಡ್ ಬಂದೆ" ಅಂದೆ.

ಅವನು ಉಜ್ಜುವುದನ್ನು ನಿಲ್ಲಿಸಲಿಲ್ಲ. ಮಾದರಿಯನ್ನು ತಾಂಡ್ಯದ ಒಂದು ಕಡೆ ಸ್ಕ್ಯಾನ್ ಮಾಡಿಸಿದನಂತೆ. ಎರಡು ಕಡೆ ಸರಿಹೊಂದುತ್ತಿಲ್ಲ, ಗಿರಾಕಿಗಳು ಒಪ್ಪುವುದಿಲ್ಲ ಎಂದು ಕಂಪ್ಯೂಟರಿನ ಹುಡುಗ ಹೇಳಿದನಂತೆ. "ಒಂದ್ ತಲೆ ತಗ್ದು ಇನ್ನೊಂದ್ನೇ ತಿರುಗ್ಸಿ ಆಕ್ದ, ಅಷ್ಟೇ ಕಣವ್ವ. ಕಾಲ ಅಂಗದೆ."

"ಯಾವ್ ತಲೆ ತೆಗಿಬೇಕು ಅಂತ ಯಾರು ಹೇಳಿದ್ದು?"

ಕಾಫಿ ತಂದ ಅತ್ತಿಗೆ ಲೋಟಗಳನ್ನು ಅಲ್ಲೇ ಇಟ್ಟು ಒಳಗೆ ಹೋದಳು.

"ಆ ಉಡ್ಗ ನನ್ನೇ ಕೇಳ್ದ" ಅಂದ ಅಣ್ಣ.

ನಂಬಿಸಿ ಕತ್ತು ಕೊಯ್ಯುವುದು ಎಂದು ಮಾತಿಗೆ ಅನ್ನುತ್ತಾರೆ. ನನಗೆ ಅದು ಬರೀ ಮಾತಾಗಿ ಉಳಿಯಲಿಲ್ಲ. ಮಷಿನ್ನು ಬಂದದ್ದಕ್ಕೆ ನನಗೆ ಸಿಟ್ಟಿಲ್ಲ. ನನ್ನ ಕೆಲಸ ಹೋದದ್ದನ್ನೂ ಹೇಗೋ ನುಂಗಿಕೊಳ್ಳುತ್ತಿದ್ದೆ. ಆದರೆ ಎರಡರಲ್ಲಿ ಒಂದು ಉಳಿಸು ಎಂದು ಯಾರೋ ಕೇಳಿದಾಗ ಒಡಹುಟ್ಟಿದವನು ಒಂದು ಗಳಿಗೆ ತಡೆದನೇ, ನನಗೊಂದು ಫೋನ್ ಮಾಡೋಣ ಅಂದುಕೊಂಡನೇ? ಅದನ್ನೇ ಕೇಳಿದೆ. "ನಂದ್ಯಾಕಣ್ಣ ತೆಗ್ಸಿದ್ದು? ಚೆನ್ನಾಗಿರ್ಲಿಲ್ವಾ?"

ಆಗ ಅವನು ಕೈಯಲ್ಲಿದ್ದ ಕಾಗದ ಕೆಳಗಿಟ್ಟ. "ಚೆನ್ನಾಗಿತ್ತು. ಅದ್ಕೇ" ಅಂದ. "ಅಪ್ಪ ಇದ್ದಾಗ್ಲಿಂದ ನೋಡ್ತಾ ಇವ್ನಿ. ಬಂದೋರೆಲ್ಲ ಮೊದ್ಲು ನಿನ್ ಕಡೆ ನೋಡೋರು. ದಿನಾ ಉಗುರಿಂದ ಇಡ್ದು ರೆಕ್ಕೆಗಂಟ ಮಾಡೋನು ನಾನು. ನೀನು ಬಸ್ಸಾಗ್ ಬಂದು ಒಂದ್ ತಲೆ ಮಾಡ್ಬುಟ್ಟು ಓಗೋಳು. ಒಂದಾದ್ರೂ ನಂದೇ ಇರ್ಲಿ ಅನ್ನಿಸ್ತು."

ಚೆನ್ನಾಗಿತ್ತು ಎಂಬ ಆ ಮಾತನ್ನು ಇಪ್ಪತ್ತು ವರ್ಷದ ಹಿಂದೆ ಹೇಳಿದ್ದರೆ ನಾನು ಕುಣಿದಾಡುತ್ತಿದ್ದೆ. ಎಲ್ಲರ ಕಣ್ಣು ಬಲಕ್ಕೇ ಹೋಗುತ್ತದೆ ಅಂದಿದ್ದರೆ ಬಲದ ತಲೆಯನ್ನು ಅವನಿಗೇ ಬಿಟ್ಟು ಎಡದ್ದನ್ನು ನಾನು ತೆಗೆದುಕೊಳ್ಳುತ್ತಿದ್ದೆ. ಇಬ್ಬರೂ ಸೇರಿ ಒಂದು ಹಕ್ಕಿ ಮಾಡುತ್ತಿದ್ದೇವೆ ಎಂದು ನಾನು ತಿಳಿದಿದ್ದೆ. ಅವನು ಪಕ್ಕದಲ್ಲೇ ಕೂತು ಅಷ್ಟು ವರ್ಷ ಯಾರ ಕಣ್ಣು ಯಾವ ಕಡೆ ಹೋಯಿತು ಎಂದು ನೋಡುತ್ತಿದ್ದ. ಕಾಫಿ ಕುಡಿಯದೆ ಎದ್ದೆ. ಬಸ್ಸಿನಲ್ಲಿ ಪಕ್ಕದ ಹೆಂಗಸು ಯಾಕವ್ವ ಅಂದಾಗಲೇ ನಾನು ಅಳುತ್ತಿದ್ದೇನೆಂದು ಗೊತ್ತಾದದ್ದು.

ಈಚೆಗೆ ನಮ್ಮೂರಿನ ಒಬ್ಬ ಮೇಷ್ಟರು ತಮ್ಮ ಹೊಸ ಮನೆಗೆ ಕೈಕೆಲಸದ ಗಂಡಭೇರುಂಡವೇ ಬೇಕೆಂದು ನನ್ನನ್ನು ಹುಡುಕಿಕೊಂಡು ಬಂದರು. ಹಿತ್ತಲಲ್ಲಿ ಕಲ್ಲು ಇಳಿಸಿಕೊಂಡೆ. ಮೈಯೆಲ್ಲ ನಾನೇ ಮಾಡಿದೆ, ರೆಕ್ಕೆ ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಬಂತು. ಬಲಗಡೆಯ ತಲೆಯನ್ನೂ ಮುಗಿಸಿದೆ. ಎಡಗಡೆ ಒಂದು ಗಡ್ಡೆ ಹಾಗೇ ಇದೆ. ಉಳಿ ಅಲ್ಲಿಗೆ ಒಯ್ದರೆ ಕೈಗೆ ಅಣ್ಣನ ನೇರ ಕೊಕ್ಕು ಬರುತ್ತದೆ, ಸಿಟ್ಟು ಬಂದು ಎದ್ದುಬಿಡುತ್ತೇನೆ. ಮುಗಿಯಿತೇ ಎಂದು ಮೇಷ್ಟರು ಎರಡು ಸಲ ಹೇಳಿಕಳಿಸಿದರು. "ಅಣ್ಣನ್ನ ಒಂದ್ ಮಾತು ಕರಿಬಾರ್ದಾ?" ಎಂದು ಯಜಮಾನರೂ ಹೇಳಿ ನೋಡಿದರು.

ಕರೆದರೆ ಅವನು ಬರುತ್ತಾನೆ. ಮೊದಲ ಬಸ್ಸಿಗೇ ಬಂದು ಏನೂ ಆಗದವನ ಹಾಗೆ ಎಡಗಡೆ ಕೂರುತ್ತಾನೆ, ನನಗೆ ಗೊತ್ತು. ಅದಕ್ಕೇ ಕರೆದಿಲ್ಲ.