ಹೆಡ್‌ಲ್ಯಾಂಪ್ ಹಚ್ಚಿಟ್ಟ ಶನಿವಾರ

1996ರ ಜೂನ್ 8ರ ಶನಿವಾರ ಮಧ್ಯಾಹ್ನ, ಅಮೆರಿಕದ ಯೂಟಾ ರಾಜ್ಯದ ದಕ್ಷಿಣ ಮರುಭೂಮಿಯಲ್ಲಿ, ವಸುಧಾ ಎಂಬ ನಲವತ್ತನಾಲ್ಕು ವರ್ಷದ ಲ್ಯಾಬ್ ಟೆಕ್ನೀಷಿಯನ್ ತಮ್ಮ ಗಂಡನ ಹೆಗಲ ಮೇಲೆ ನಿಂತು ಬಂಡೆಯ ಹೊಂಡವೊಂದರಿಂದ ಮೇಲೆ ಹತ್ತಿ ಹಗ್ಗ ಕಟ್ಟಿದರು. ಉಳಿದ ನಾಲ್ವರು ಆ ಹಗ್ಗ ಹಿಡಿದು ಹೊರಬಂದೆವು. ಆ ನಾಲ್ವರಲ್ಲಿ ನಾನೂ ಒಬ್ಬಳು.

ಆಗ ನಾನು ವಾಷಿಂಗ್ಟನ್ನಿನ ದಿನಪತ್ರಿಕೆಯೊಂದರ ವಾರಾಂತ್ಯದ ಪುರವಣಿಗೆ ವರದಿ ಮಾಡುತ್ತಿದ್ದೆ. ಉಪನಗರಗಳ ಕುಟುಂಬಗಳು ಬೇಸಿಗೆ ರಜೆಯಲ್ಲಿ ಎಂತೆಂಥ ಸಾಹಸಗಳಿಗೆ ಹೊರಡುತ್ತವೆ ಎಂಬುದರ ಮೇಲೆ ಒಂದು ಪುಟ ಮಾಡುವುದೆಂದು ನಿರ್ಧಾರವಾಗಿತ್ತು. ವರ್ಜೀನಿಯಾದ ಮೈಸೂರು ಮೂಲದ ಕುಟುಂಬವೊಂದು ಮರುಭೂಮಿಯ ಸ್ಲಾಟ್ ಕ್ಯಾನ್ಯನ್ ಇಳಿಯಲು ಸಿದ್ಧವಾಗುತ್ತಿದೆ ಎಂದು ತಿಳಿದಾಗ ಸಂಪಾದಕರು ನನ್ನನ್ನೇ ಕಳಿಸಿದರು. ನಿಮ್ಮ ಭಾಷೆಯವರು, ನಿಮ್ಮ ಮುಂದೆ ಬಾಯಿ ಬಿಡುತ್ತಾರೆ ಎಂಬುದು ಅವರ ಲೆಕ್ಕ.

ಸ್ಲಾಟ್ ಕ್ಯಾನ್ಯನ್ ಎಂದರೆ ಮಳೆನೀರು ಮರಳುಗಲ್ಲನ್ನು ಕೊರೆದು ಮಾಡಿದ ಸೀಳು. ಆಳ ನೂರಾರು ಅಡಿ ಇದ್ದರೂ ಅಗಲ ಕೆಲವು ಕಡೆ ಒಬ್ಬ ಮನುಷ್ಯ ಅಡ್ಡಡ್ಡಲಾಗಿ ಸರಿಯುವಷ್ಟು ಮಾತ್ರ. ಮೇಲೆ ಬೆಂಕಿಯಂಥ ಬಿಸಿಲಿದ್ದರೂ ತಳದ ನೀರು ಬಿಸಿಲನ್ನೇ ಕಾಣುವುದಿಲ್ಲ. ಕಡಿದಾದ ಕಡೆಗಳಲ್ಲಿ ಹಗ್ಗ ಕಟ್ಟಿ ಇಳಿಯಬೇಕು. ಇದಕ್ಕೆ ರಾಪೆಲ್ ಎನ್ನುತ್ತಾರೆ. ಎಲ್ಲರೂ ಇಳಿದ ಮೇಲೆ ಹಗ್ಗವನ್ನು ಕೆಳಗಿನಿಂದ ಎಳೆದುಕೊಳ್ಳುವುದು ಕ್ರಮ. ಹಾಗಾಗಿ ಮೊದಲ ಹಗ್ಗ ಎಳೆದುಕೊಂಡ ಕ್ಷಣದಿಂದ ಹಿಂದಕ್ಕೆ ದಾರಿ ಇರುವುದಿಲ್ಲ. ಕೆಳತುದಿಯ ಬಾಯಿಂದಲೇ ಹೊರಬೀಳಬೇಕು.

ಕ್ಯಾನ್ಯನ್ ಇಳಿಯುವ ಹಟ ಮಗಳು ಅನನ್ಯಾಳದು. ಹದಿನಾರು ವರ್ಷ, ಶಾಲೆಯ ಬ್ಯಾಸ್ಕೆಟ್‌ಬಾಲ್ ತಂಡದ ಆಟಗಾರ್ತಿ, ಅಪ್ಪನಷ್ಟೇ ಎತ್ತರ. ಅಪ್ಪ ರಘುನಾಥ್ ಫೆಡರಲ್ ಕಚೇರಿಯೊಂದರಲ್ಲಿ ಸಂಖ್ಯಾಶಾಸ್ತ್ರಜ್ಞ. ಮಗಳೊಬ್ಬಳನ್ನೇ ಕಳಿಸಲು ವಸುಧಾ ಒಪ್ಪಲಿಲ್ಲ. ಬೇಡ ಎನ್ನಲೂ ಮನಸ್ಸಾಗಲಿಲ್ಲ. ಕೊನೆಗೆ ಮೂವರೂ ಸೇರಿ ವಸಂತಕಾಲವಿಡೀ ಭಾನುವಾರಗಳಂದು ಪೊಟೊಮ್ಯಾಕ್ ನದಿದಂಡೆಯ ಬಂಡೆಗಳ ಮೇಲೆ ಹಗ್ಗ ಹಿಡಿದು ಅಭ್ಯಾಸ ಮಾಡಿದರು. ನಾನೂ ಜೊತೆಗೆ ಕಲಿತೆ. ಐದು ಅಡಿ ಎತ್ತರದ, ಹಗುರ ಮೈಯ ವಸುಧಾ ನಮ್ಮೆಲ್ಲರಿಗಿಂತ ಚೆನ್ನಾಗಿ ಹತ್ತುತ್ತಿದ್ದರು.

"ಲ್ಯಾಬಲ್ಲಿ ದಿನವಿಡೀ ನಿಂತೇ ಕೆಲಸ. ಕಾಲಿಗೆ ಅಭ್ಯಾಸ ಇದೆ," ಎಂದಿದ್ದರು.

"ಬಾಯಿಗೆ ಅದಕ್ಕಿಂತ ಜಾಸ್ತಿ ಇದೆ," ಎಂದರು ರಘುನಾಥ್.

ಆ ಶನಿವಾರ ಬೆಳಕು ಹರಿಯುವಾಗ ಕ್ಯಾನ್ಯನ್ನಿನ ತಲೆಯಲ್ಲಿದ್ದೆವು. ಯೂಟಾದಲ್ಲಿ ಜೊತೆಯಾದ ಮಾರ್ಗದರ್ಶಿ ಲಿನ್ ಐವತ್ತು ದಾಟಿದ, ಆರಡಿ ಎತ್ತರದ ಹೆಂಗಸು. ಹಗ್ಗ, ಸೊಂಟಕ್ಕೆ ಬಿಗಿಯುವ ಹಾರ್ನೆಸ್ ಪಟ್ಟಿ, ಹೆಲ್ಮೆಟ್, ಮೈ ಬೆಚ್ಚಗಿಡುವ ರಬ್ಬರ್ ಅಂಗಿ, ಎಲ್ಲವನ್ನೂ ಒಬ್ಬೊಬ್ಬರದಾಗಿ ಮುಟ್ಟಿ ನೋಡಿ, ಎಲ್ಲರದೂ ತಿಂಡಿಯಾಯಿತೇ ಎಂದು ಕೇಳಿದರು. "ಆಯ್ತು, ನಿಮ್ಮದು?" ಎಂಬುದು ಇಂಗ್ಲಿಷಿನಲ್ಲಿ ವಸುಧಾ ಕೊಟ್ಟ ಉತ್ತರ. ಮೈಸೂರಿನ ಯಾವ ಬೀದಿಯಲ್ಲಿ ಯಾರು ಕೇಳಿದರೂ ಬರುವ ಉತ್ತರವೇ ಅದು. ಲಿನ್ ತಮ್ಮದೂ ಆಯಿತೆಂದರು. ಹಗ್ಗ ಕಟ್ಟಿದೆವು.

ಬೆಳಿಗ್ಗೆ ಎಲ್ಲ ಸರಾಗವಾಗಿ ಸಾಗಿತು. ಮೂರು ರಾಪೆಲ್, ನಡುವೆ ಕಾಲು ನಿಲುಕದ ನೀರಿನಲ್ಲಿ ನಾಲ್ಕು ಈಜು. ನೀರು ಫ್ರಿಜ್ಜಿನಲ್ಲಿಟ್ಟ ಹಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಕ್ಯಾನ್ಯನ್ನಿನ ಮುಖ್ಯ ಅಡಚಣೆ ಎದುರಾಯಿತು.

ಇದಕ್ಕೆ ಕೀಪರ್ ಪಾಟ್‌ಹೋಲ್ ಎಂದು ಹೆಸರು. ನೀರಿನ ಸುಳಿ ಕೊರೆದ, ಬಾವಿಯಂಥ ನುಣುಪು ಹೊಂಡ. ತುಂಬ ನೀರಿದ್ದರೆ ಈಜಿ ಆಚೆ ದಂಡೆ ಹಿಡಿಯಬಹುದು. ನೀರು ಇಳಿದಿದ್ದರೆ ಒಳಗೆ ಹೋದವರು ಒಳಗೇ. ಆ ವರ್ಷ ಚಳಿಗಾಲದ ಮಳೆ ಕಡಿಮೆ. ಆಚೆಯ ಅಂಚು ನೀರಿನಿಂದ ಸುಮಾರು ಎಂಟಡಿ ಮೇಲಿತ್ತು. ಲಿನ್ ನಾವು ನಿಂತಿದ್ದ ಮರಳುದಿಬ್ಬದಿಂದ ಒಂದು ಹಗ್ಗವನ್ನು ಹೊಂಡಕ್ಕೆ ಇಳಿಬಿಟ್ಟರು, ಹೋದವರು ವಾಪಸ್ ಬರಲೆಂದು. ಮರಳು ತುಂಬಿದ ಚೀಲಕ್ಕೆ ಇನ್ನೊಂದು ಹಗ್ಗ ಕಟ್ಟಿ ಆಚೆ ಅಂಚಿನ ಮೇಲಕ್ಕೆ ಎಸೆದರು. ಚೀಲ ಎಲ್ಲಾದರೂ ಸಿಕ್ಕಿಕೊಂಡರೆ ಹಗ್ಗ ಹಿಡಿದು ಹತ್ತಬಹುದು. ಅದು ಪ್ರತಿಸಲವೂ ಜಾರಿ ನೀರಿಗೆ ಬಿತ್ತು.

ಉಳಿದದ್ದು ಮನುಷ್ಯರ ಏಣಿ. ರಘುನಾಥ್ ಎದೆಮಟ್ಟದ ನೀರಿನಲ್ಲಿ ನಿಂತರು. ಅನನ್ಯಾ ಅವರ ಹೆಗಲೇರಿದಳು. ತಳದ ಕಲ್ಲು ಪಾಚಿ. ಅವಳ ಭಾರಕ್ಕೆ ಅವರ ಕಾಲು ಜಾರಿ ಇಬ್ಬರೂ ಮುಳುಗಿದರು. ಎರಡನೆಯ ಸಲವೂ ಅಷ್ಟೇ. ಲಿನ್ ಅವಳಿಗಿಂತ ಭಾರ. ನನ್ನ ತೂಕದ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ. ನನ್ನನ್ನು ನೋಡಿದರೇ ಸಾಕಿತ್ತು.

"ವಸು, ನೀನೇ ಬರಬೇಕು," ಎಂದರು ರಘುನಾಥ್ ಮರಳಿಗೆ ಹತ್ತಿ ಬಂದು.

ವಸುಧಾ ಹೆಲ್ಮೆಟ್ಟಿನ ಪಟ್ಟಿ ಬಿಗಿಯಲು ಹೊರಟರು. ಬೆರಳುಗಳು ಕೊಂಡಿಯ ಮೇಲೆ ಜಾರುತ್ತಿದ್ದವು. ರಕ್ತ ತೆಗೆಯಲು ಸೂಜಿ ಹಿಡಿದರೆ ಕೂಸಿನ ನರವನ್ನೂ ತಪ್ಪದೆ ಹುಡುಕುವ ಕೈ ಅದು. ಏನೋ ಹೇಳಿದರು, ಮಾತು ತೊದಲಿತು. ಲಿನ್ ವಸುಧಾ ಅವರ ಕೈ ಹಿಡಿದು ನೋಡಿ, ಎಲ್ಲರನ್ನೂ ನಿಲ್ಲಿಸಿದರು. ಮೈಯ ಶಾಖ ಇಳಿಯತೊಡಗಿದೆ, ಹೀಗೇ ಬಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ನಿಲ್ಲುವುದೂ ಕಷ್ಟ ಎಂದರು. ಹೊರಗೆ ಹೋಗಲು ಅವರೊಬ್ಬರಿಂದಲೇ ಸಾಧ್ಯ. ಅವರಿಗೇ ಈಗ ಕೈ ಆಡುತ್ತಿಲ್ಲ.

ಲಿನ್‌ಗೆ ಅರ್ಥವಾಗದೇ ಇದ್ದದ್ದು ಒಂದೇ. ಎಲ್ಲರಿಗೂ ಅದೇ ನೀರು, ಅದೇ ಅಂಗಿ. ಇವರೊಬ್ಬರಿಗೇ ಏಕೆ ಹೀಗೆ? ಬೆಳಿಗ್ಗೆ ಏನು ತಿಂದರು ಎಂದು ಕೇಳಿದರು.

ವಸುಧಾ ಮತ್ತೆ ಹೆಲ್ಮೆಟ್ಟಿನ ಕೊಂಡಿಗೆ ಕೈ ಹಾಕಿದರು. ರಘುನಾಥ್ ನನ್ನ ಕಡೆ ತಿರುಗಿದರು. "ಇವತ್ತು ಯಾವ ವಾರ?"

"ಶನಿವಾರ," ಎಂದೆ. ವರದಿಗಾರರಿಗೆ ತಾರೀಖು ವಾರ ಮರೆಯುವುದಿಲ್ಲ. ನಾಲ್ಕು ದಿನದ ಪ್ರಯಾಣದಲ್ಲಿ ಅವರಿಗೆ ಮರೆತುಹೋಗಿತ್ತು.

"ಅಯ್ಯೋ, ಒಪ್ಪತ್ತು," ಎಂದರು.

ಅವರು ಕನ್ನಡದಲ್ಲಿ ವಿವರಿಸಿದ್ದನ್ನು ಲಿನ್‌ಗೆ ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅನನ್ಯಾ ಏಳು ತಿಂಗಳಿಗೇ ಹುಟ್ಟಿ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ವಾರಗಟ್ಟಲೆ ಇದ್ದಾಗ, ಮಗು ಉಳಿದರೆ ಪ್ರತಿ ಶನಿವಾರ ಒಂದೇ ಹೊತ್ತು ಉಣ್ಣುತ್ತೇನೆಂದು ತಾಯಿ ಹರಕೆ ಹೊತ್ತಿದ್ದರು. ಸಂಜೆ ಸ್ನಾನ ಮಾಡಿ, ದೀಪ ಹಚ್ಚಿ, ಆಮೇಲೆ ಊಟ. ಹದಿನಾರು ವರ್ಷ ಒಂದು ವಾರವೂ ತಪ್ಪಿರಲಿಲ್ಲ. ಆ ಬೆಳಿಗ್ಗೆ ಅವರು ಕುಡಿದದ್ದು ಒಂದು ಲೋಟ ಕಾಫಿ.

ಲಿನ್ ಚೀಲ ಬಿಚ್ಚಿ ತಿನ್ನುವುದನ್ನೆಲ್ಲ ಹೊರಗಿಟ್ಟರು. ಅದರಲ್ಲಿ ವಸುಧಾ ಅವರೇ ಎಲ್ಲರಿಗೆಂದು ಮಾಡಿ ತಂದಿದ್ದ ಗೊಜ್ಜವಲಕ್ಕಿಯ ಡಬ್ಬಿಯೂ ಇತ್ತು.

"ಸಂಜೆ ತಿಂತೀನಿ. ಹೊರಗೆ ಹೋದ್ಮೇಲೆ," ಎಂದರು ವಸುಧಾ.

"ನೀನು ತಿನ್ನದೆ ಹೊರಗೆ ಹೋಗೋದು ಹೇಗೆ?" ಎಂದರು ರಘುನಾಥ್. "ಒಪ್ಪತ್ತು ಅಂದ್ರೆ ಒಂದು ಹೊತ್ತು. ಅದು ಸಂಜೇನೇ ಅಂತ ಎಲ್ಲಿದೆ? ಇವತ್ತು ಈ ಹೊತ್ತು."

"ಸ್ನಾನ ಆಗ್ಬೇಡ್ವಾ, ರೀ? ದೀಪ ಹಚ್ಬೇಡ್ವಾ?"

ಅನನ್ಯಾ ಅಮ್ಮನ ಮುಂದೆ ಮರಳಲ್ಲಿ ಮಂಡಿಯೂರಿದಳು. ಅವಳ ಕನ್ನಡದಲ್ಲಿ ಅಮೆರಿಕದ ರಾಗವಿತ್ತು.

"ಸ್ನಾನಾ? ಅಮ್ಮ, ಸೀರಿಯಸ್ಲಿ? ಬೆಳಿಗ್ಗೆಯಿಂದ ನಾಲ್ಕು ಸಲ ಆಗಿದೆ. ತಲೆ ಸ್ನಾನ."

ರಘುನಾಥ್‌ಗೆ ನಗು ತಡೆಯಲಿಲ್ಲ. ಅನನ್ಯಾ ತನ್ನ ಹೆಲ್ಮೆಟ್ಟಿನ ಹೆಡ್‌ಲ್ಯಾಂಪ್ ಬಿಚ್ಚಿ ಬೆಳಗಿಸಿ, ಎದುರಿನ ಗೋಡೆಯ ಗೂಡಿನಂಥ ಸಂದಿನಲ್ಲಿ ಇಟ್ಟಳು. ಕೆಂಪು ಕಲ್ಲು ಮೇಲಿನವರೆಗೂ ಹೊಳೆಯಿತು.

"ದೀಪ. ಓಕೆ? ಇನ್ನೂ ಬೇರೆ ಏನಾದ್ರೂ ಇದ್ಯಾ?"

"ಬ್ಯಾಟರಿದು ನಡೆಯುತ್ತೇನೇ?"

"ಮನೇಲಿ ನವರಾತ್ರಿಗೆ ಎಲೆಕ್ಟ್ರಿಕ್ ದೀಪ ಹಾಕ್ತೀಯಲ್ಲ?" ಎಂದಳು ಅನನ್ಯಾ. ಆಮೇಲೆ ದನಿ ಇಳಿಸಿದಳು. "ಈ ವ್ರತ ನಂಗೋಸ್ಕರ ತಾನೆ? ನಾನು ಬದುಕ್ಬೇಕು ಅಂತ. ನಾನು ಇಲ್ಲಿದೀನಿ. ಐ ನೀಡ್ ಟು ಗೆಟ್ ಔಟ್. ನೀನು ತಿಂದ್ರೆ ನಾನು ಹೊರಗೆ ಹೋಗ್ತೀನಿ."

ವಸುಧಾ ಮಗಳ ಮುಖವನ್ನೂ ಸಂದಿನ ಬೆಳಕನ್ನೂ ನೋಡಿದರು. ಕೈ ಜೋಡಿಸಿದರು. ಬೆರಳು ಬಗ್ಗದ್ದರಿಂದ ಮೊದಲ ತುತ್ತನ್ನು ಅನನ್ಯಾಳೇ ಬಾಯಿಗಿಟ್ಟಳು.

"ಉಪ್ಪು ಕಮ್ಮಿ ಆಗಿದೆ. ನೀವೆಲ್ಲ ಬೆಳಿಗ್ಗೆ ತಿಂದ್ರಲ್ಲ, ಒಬ್ರಾದ್ರೂ ಹೇಳ್ಬಾರ್ದಾ?" ಎಂದರು.

ಡಬ್ಬಿ ಮುಕ್ಕಾಲು ಖಾಲಿಯಾಯಿತು. ಲಿನ್ ಫ್ಲಾಸ್ಕಿನ ಬಿಸಿನೀರಿಗೆ ಸಕ್ಕರೆ ಕದಡಿ ಕೊಟ್ಟು, ತಮ್ಮ ಒಣ ಅಂಗಿ ತೊಡಿಸಿದರು. ನಾನೂ ಅನನ್ಯಾಳೂ ಎರಡು ಕಡೆಯಿಂದ ಅವರನ್ನು ಒತ್ತಿಕೊಂಡು ಕುಳಿತೆವು. ಮುಕ್ಕಾಲು ಗಂಟೆ ಕಳೆಯಿತು. ನಡುಕ ನಿಂತು, ಮಾತು ತಿಳಿಯಾಯಿತು. ವಸುಧಾ ತಾವೇ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡರು. ಸದ್ದು ಮಾಡಿ ಕೂತ ಕೊಂಡಿಯನ್ನು ಲಿನ್ ಎರಡು ಸಲ ಎಳೆದು ನೋಡಿದರು.

ರಘುನಾಥ್ ಹೊಂಡಕ್ಕಿಳಿದರು. ಲಿನ್ ರಘುನಾಥ್ ಅವರ ಬೆನ್ನಿಗೆ ಆನಿಕೊಂಡು ನಿಂತರು. ವಸುಧಾ ಗಂಡನ ಹೆಗಲಿಗೆ ಕಾಲಿಟ್ಟವರೇ ಬಗ್ಗಿ ಆ ಹೆಗಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು.

"ನಮಸ್ಕಾರ ಆಮೇಲೆ ಮಾಡು ಮಾರಾಯ್ತಿ. ಮೊದ್ಲು ಹತ್ತು," ಎಂದರು ರಘುನಾಥ್ ನೀರು ಉಗುಳುತ್ತ.

ವಸುಧಾ ನೆಟ್ಟಗೆ ನಿಂತರು. ಕೈ ಚಾಚಿದರು. ಅಂಚು ಇನ್ನೂ ಒಂದು ಗೇಣು ಮೇಲಿತ್ತು. ಲಿನ್ ವಸುಧಾ ಅವರ ಎರಡೂ ಹಿಮ್ಮಡಿಗಳನ್ನು ಅಂಗೈಯಲ್ಲಿ ಹಿಡಿದು ತಲೆಯ ಮೇಲಕ್ಕೆ ಎತ್ತಿದರು. ಅಂಚಿನ ಮೇಲೆ ಮೊದಲು ಬೆರಳು, ಆಮೇಲೆ ಮೊಣಕೈ ಕಂಡವು. ಕೊನೆಗೆ ಎರಡು ಬೂಟುಗಳು ಗಾಳಿಯಲ್ಲಿ ಒಮ್ಮೆ ಒದ್ದು ಮರೆಯಾದವು.

ಆಚೆ ಗೋಡೆಗಳ ನಡುವೆ ಸಿಕ್ಕಿಕೊಂಡ ದೊಡ್ಡ ಗುಂಡುಕಲ್ಲು ಇರುತ್ತದೆ, ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದ ಹಗ್ಗವನ್ನು ಅದಕ್ಕೆ ಸುತ್ತಿ ಕಟ್ಟಬೇಕು ಎಂದು ಲಿನ್ ಮೊದಲೇ ಹೇಳಿದ್ದರು. ಗಂಟು ಸರಿಯಾಗಿದೆಯೇ ಎಂದು ಕೆಳಗಿನಿಂದ ಕಾಣುತ್ತಿರಲಿಲ್ಲ. ಹೇಗಿದೆ ಹೇಳಿ ಎಂದು ಕೂಗಿದರು.

"ಜಡೆ ಥರ ಇದೆ. ಎರಡೂ ಎಳೆ ಜೊತೆಜೊತೆಗೇ ಹೋಗಿವೆ, ಎಲ್ಲೂ ಒಂದ್ರ ಮೇಲೊಂದು ಹತ್ತಿಲ್ಲ," ಎಂದು ಮೇಲಿಂದ ಕನ್ನಡದಲ್ಲಿ ಬಂತು.

ಅನನ್ಯಾ ಅದನ್ನು ಇಂಗ್ಲಿಷಿಗೆ ತಿರುಗಿಸಿದಳು. ಲಿನ್ ಹಗ್ಗಕ್ಕೆ ತಮ್ಮ ಪೂರ್ತಿ ಭಾರ ಹಾಕಿ ಜಗ್ಗಿ ನೋಡಿ, ಸರಿಯಾಗಿದೆ ಎಂದು ತಲೆ ಆಡಿಸಿದರು. ಹಗ್ಗದಲ್ಲಿ ಅಲ್ಲಲ್ಲಿ ಹಾಕಿದ ಕುಣಿಕೆಗಳಲ್ಲಿ ಕಾಲಿಟ್ಟು ಒಬ್ಬೊಬ್ಬರಾಗಿ ಹತ್ತಿದೆವು. ನನ್ನನ್ನು ಕೊನೆಯ ಎರಡಡಿ ಎಳೆದುಕೊಂಡದ್ದು ವಸುಧಾ ಅವರ ಕೈ. ಬೆಚ್ಚಗಿತ್ತು.

ಕ್ಯಾನ್ಯನ್ನಿನ ಬಾಯಿಂದ ಹೊರಬಿದ್ದಾಗ ಬಿಸಿಲು ಇನ್ನೂ ಇತ್ತು. ವಸುಧಾ ಮರಳಿನ ಮೇಲೆ ಅಂಗಾತ ಮಲಗಿ ನಗುತ್ತಿದ್ದರು. ಆ ರಾತ್ರಿ ಲಿನ್ ಎಲ್ಲರಿಗೂ ಪಾಸ್ಟಾ ಬೇಯಿಸಿದರು. ಆ ದಿನದ ಒಂದು ಹೊತ್ತು ಮುಗಿದಿದೆ ಎಂದು ವಸುಧಾ ತಟ್ಟೆ ಮುಟ್ಟಲಿಲ್ಲ.

ನನ್ನ ವರದಿ ಎರಡು ವಾರದ ಬಳಿಕ ಪುರವಣಿಯ ಮೊದಲ ಪುಟದಲ್ಲಿ ಬಂತು. ಅಲ್ಲಿಂದ ನಿವೃತ್ತಿಯಾಗುವವರೆಗೆ, ಹೌದು ಎಂದರೆ ಮುಗಿದುಹೋಗುವ ಪ್ರಶ್ನೆಯನ್ನು ನಾನು ಯಾರಿಗೂ ಕೇಳಲಿಲ್ಲ. ತಿಂಡಿಯಾಯಿತೇ ಎಂದು ಕೇಳುವ ಬದಲು ಏನು ತಿಂದಿರಿ ಎಂದು ಕೇಳುವುದನ್ನು ಹೊಸ ವರದಿಗಾರರಿಗೂ ಹೇಳಿಕೊಟ್ಟೆ. ಲಿನ್ ಕೂಡ ಈಗ ಹಾಗೆಯೇ ಕೇಳುತ್ತಾರಂತೆ.

1998ರಲ್ಲಿ ರಘುನಾಥ್ ಕೆಲಸ ಬದಲಿಸಿ, ಕುಟುಂಬ ಜಾರ್ಜಿಯಾದ ಅಲ್ಫರೆಟಾಕ್ಕೆ ಹೋಯಿತು. 1999ರ ಮೇ ತಿಂಗಳಲ್ಲಿ ವಸುಧಾ ಮಗಳೊಂದಿಗೆ ಅದೇ ಕ್ಯಾನ್ಯನ್ನನ್ನು ಮತ್ತೊಮ್ಮೆ ಇಳಿದರು. ಅದೂ ಶನಿವಾರವೇ. ನಸುಕಿನಲ್ಲಿ ಎದ್ದು ಕ್ಯಾಂಪಿನ ನಲ್ಲಿಯ ತಣ್ಣೀರಲ್ಲಿ ಸ್ನಾನ ಮಾಡಿ, ಟೆಂಟಿನ ಮುಂದೆ ಕಲ್ಲಿನ ಮೇಲೆ ಹೆಡ್‌ಲ್ಯಾಂಪ್ ಹಚ್ಚಿಟ್ಟು, ಆ ದಿನದ ಒಪ್ಪತ್ತಿನ ಊಟವನ್ನು ಹೊರಡುವ ಮೊದಲೇ ಮುಗಿಸಿದರೆಂದು ಅನನ್ಯಾ ಫೋನಿನಲ್ಲಿ ತಿಳಿಸಿದಳು.