ಅವನ ಮೊಬೈಲ್ ಇವಳಿಗೆ, ಇವಳದು ಅವನಿಗೆ

ನನ್ನ ಮೊಮ್ಮಕ್ಕಳು ಮಾತಾಡಿದರು! ಮಗನ ಮಗ, ಮಗಳ ಮಗಳು, ವಾರದಿಂದ ಮುಖ ತಿರುಗಿಸಿಕೊಂಡಿದ್ದವರು ಇವತ್ತು ಒಂದೇ ಚಾಪೆಯ ಮೇಲೆ ಕೂತು ಬಾಯಿ ತುಂಬ ಮಾತಾಡಿದರು. ಈ ಸಂತೋಷ ಹೊಟ್ಟೆಯೊಳಗೆ ನಿಲ್ಲುತ್ತಿಲ್ಲ, ಅದಕ್ಕೇ ಬರೆಯಲು ಕೂತೆ. ನಾನು ಕಲಿತದ್ದು ಮೂರನೇ ಇಯತ್ತೆ. ತಪ್ಪಿದ್ದರೆ ತಿದ್ದಿಕೊಂಡು ಓದಿರಿ.

ಜಗಳ ಹತ್ತಿದ್ದು ಮೊಬೈಲಿನ ಕ್ರಿಕೆಟ್ ಆಟದಿಂದ. ಶಾಲೆಯ ಸೂಟಿಗೆಂದು ನರಗುಂದದಿಂದ ನಮ್ಮ ಗಜೇಂದ್ರಗಡಕ್ಕೆ ಬಂದ ಹುಡುಗಿ ಅದರಲ್ಲಿ ಭಾರಿ ಚುರುಕು. ಹುಡುಗ ತನ್ನ ಅವ್ವನನ್ನು ಕಾಡಿ ಬೇಡಿ, ದುಡ್ಡು ಕೊಟ್ಟು ಆಟದೊಳಗೆ ದೊಡ್ಡ ದೊಡ್ಡ ಆಟಗಾರರನ್ನು ಕೊಂಡ. ಅಂದಿನಿಂದ ಇವಳಿಗೆ ಬರೀ ಸೋಲು.

"ನೀ ಗೆದ್ದಿಲ್ಲಲೇ, ನಿಮ್ಮವ್ವನ ರೊಕ್ಕ ಗೆದ್ದೈತಿ!"

"ಕುಣ್ಯಾಕ ಬರಲಾರದಾಕಿ ನೆಲಾ ಡೊಂಕಂದ್ಲಂತ!" ಎಂದ ಅವನು.

ಮಾತು ಬಂದ್. ಹುಡುಗಿ ಅವ್ವನಿಗೆ ಫೋನು ಮಾಡಿ, ಬಂದು ಕರಕೊಂಡು ಹೋಗು ಎಂದಳು. ಇವತ್ತು ಬೆಳಿಗ್ಗೆಯೇ ಚೀಲ ತುಂಬಿ ಬಾಗಿಲ ಬಳಿ ಇಟ್ಟಳು. ಹೀಗೆ ಮುನಿಸಿಕೊಂಡು ಹೋದವಳು ಮುಂದಿನ ಸೂಟಿಗೆ ಬಂದಾಳೆಯೇ? ಹತ್ತಿರ ಕರೆದು, ಏನಾತವಾ ಎಂದು ಕೇಳಿದೆ.

"ಆಯಿ, ನಾ ಒಬ್ಬಾಕಿನ ಆಡಿದ್ರೂ ಗೆಲ್ಲೂ ಹೊತ್ತಿಗೆ ನನ್ನ ಆಟಗಾರರ ಕೈಕಾಲು ಹಿಡಕೊಂಡಂಗ ಆಗ್ತಾವು. ಸೋತ ಕೂಡ್ಲೇ ಹೊಸಾ ಆಟಗಾರರನ್ನ ಕೊಳ್ರಿ ಅಂತ ಬರ್ತೈತಿ. ಆಟ ನನ್ನ ಬೇಕಂತ ಸೋಲಸ್ತೈತಿ," ಎಂದಳು. ಮಗ, ಸೊಸೆ ಇಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ.

ನಾನು ಸಂತೆಯಲ್ಲಿ ಶೇಂಗಾ ಮಾರಿದವಳು. ಗಿರಾಕಿಗೆ ತಕ್ಕಡಿಯ ಮೇಲೆ ಸಂಶಯ ಬಂದರೆ ವಾದ ಮಾಡುತ್ತಿರಲಿಲ್ಲ. ತೂಕದ ಕಲ್ಲು ಆ ಕಡೆಯ ತಟ್ಟೆಗೆ, ಶೇಂಗಾ ಈ ಕಡೆಗೆ ಬದಲಿಸಿ ತೋರಿಸುತ್ತಿದ್ದೆ.

"ನಿನ್ನ ಮೊಬೈಲ್ ಅಕೀಗೆ ಕೊಡು, ಅಕೀದು ನೀ ತಗೋ. ಒಬ್ಬರಿಗೊಬ್ಬರು ಬ್ಯಾಡ, ಬರೇ ಮೊಬೈಲ್ ಜೋಡಿ ಆಡ್ರಿ," ಎಂದೆ.

"ಆಯಿ, ಮೊಬೈಲಂದ್ರ ಶೇಂಗಾ ಅಲ್ಲ," ಎಂದ ಹುಡುಗ.

"ಶೇಂಗಾ ಆಗಿದ್ರ ಹೊಟ್ಟಿಯಾದ್ರೂ ತುಂಬತಿತ್ತು. ಕೊಡ ಸುಮ್ನ."

ಅವನು ಇವಳ ಬಡ ತಂಡ ಕಟ್ಟಿಕೊಂಡು ಆಡಿದ, ಸೋತ. ಇವಳು ಅವನ ಕೊಂಡ ತಂಡದಿಂದ ಆಡಿ ಮೊದಲು ಗೆದ್ದಳು, ಮತ್ತೂ ಗೆದ್ದಳು. ಅದರ ಮುಂದಿನ ಆಟದಲ್ಲಿ ಗೆಲುವು ಇನ್ನೇನು ಬಂತು ಎನ್ನುವಾಗ ಆ ದೊಡ್ಡ ಆಟಗಾರರೆಲ್ಲ ಸಾಲಾಗಿ ಔಟಾದರು. ಹಿಂದೆಯೇ ಬಣ್ಣಬಣ್ಣದ ಅಕ್ಷರ ಬಂತು: ಇನ್ನೂ ದೊಡ್ಡವರನ್ನು ಕೊಳ್ಳಿರಿ.

"ನಿನಗೂ ಹಿಂಗ ಆಗ್ತೈತೇನೋ?" ಎಂದಳು ಹುಡುಗಿ.

ಹುಡುಗ ತಲೆ ತಗ್ಗಿಸಿದ. "ದಿನಾ ಆಗ್ತೈತಿ. ರೊಕ್ಕ ಹಾಕಿದ್ರೂ ಸೋತಿ ಅಂತ ಅವ್ವ ಬೈತಾಳಂತ ಹೇಳಿಲ್ಲ. ನನಗ ಆಡಾಕ ಬರಂಗಿಲ್ಲ ಅನ್ಕೊಂಡಿದ್ದೆ."

"ಹುಚ್ಚಪ್ಪ! ನಾನೂ ಹಂಗ ಅನ್ಕೊಂಡಿದ್ದೆ!"

ಆಟ ಖರೇನೇ ಮೋಸ ಮಾಡುತ್ತದೆಯೋ ಇಲ್ಲವೋ, ನನಗೆ ತಿಳಿಯದು. ಅದರ ತಕ್ಕಡಿಯ ಮುಳ್ಳು ನಮಗೆ ಕಾಣುವುದಿಲ್ಲವಲ್ಲ. ಇಬ್ಬರೂ ಸೇರಿ ಮಧ್ಯಾಹ್ನವೆಲ್ಲ ಅದನ್ನು ಬೈದರು. ಬೈದು ಬೈದು ನಕ್ಕರು.

ಸಂಜೆ ಮಗಳು, ಅಳಿಯ ಬಂದರು.

"ನಡೀ, ಚೀಲ ತಗೋ."

"ನಾ ಬರಂಗಿಲ್ಲವ್ವಾ. ನೀವ ಹೋಗ್ರಿ."

"ಬಸ್ಸಿನ್ಯಾಗ ನಿಂತ್ಕೊಂಡ ಬಂದೇನಿ, ಈಗ ಹಿಂಗಂತೀ?" ಎಂದು ಮಗಳು ಸಿಡುಕಿದಳು.

"ಬಂದೀರಿ, ಉಂಡು ನಾಳೆ ಹೋಗ್ರೆವಾ," ಎಂದೆ. ಸೊಸೆ ಅಷ್ಟರಲ್ಲಿ ಗೋದಿ-ಬೆಲ್ಲದ ಮಾದಲಿ ಮಾಡಿದ್ದಳು. ಎಲ್ಲರೂ ಸಾಲಾಗಿ ಕೂತೆವು: ಬಿಸಿ ರೊಟ್ಟಿ, ಎಣಗಾಯಿ, ಮಾದಲಿಯ ಮೇಲೆ ತುಪ್ಪ. ಹುಡುಗರಿಬ್ಬರೂ ಒಂದೇ ತಾಟಿನಲ್ಲಿ ಉಂಡರು. ಮಗಳು ಗೊಣಗುತ್ತಲೇ ಇನ್ನೊಮ್ಮೆ ಮಾದಲಿ ಹಾಕಿಸಿಕೊಂಡಳು.