ಬೆನ್ನು ಹಾಕಿ ನಿಂತ ಕೋಚ್

ಬನ್ನಿ ಮಹಾಜನರೇ, ಬನ್ನಿ! ಮೊಬೈಲ್ ಹಿಡಿದು ದೂರದಲ್ಲಿ ಕೂತವರೂ ಸ್ವಲ್ಪ ಹತ್ತಿರ ಸರಿಯಿರಿ!

ಇವತ್ತು ಅಕ್ಕನ ಮಗಳು ಕಾಲಿಗೆ ನೋವಿನ ಮುಲಾಮು ತಿಕ್ಕಿಕೊಂಡಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ಲಂಡನ್ನಿನ ಕ್ರೋಯ್ಡನ್ನಿನ ಕೆಸರು ಮೈದಾನದಲ್ಲಿ ಹನ್ನೊಂದು ವರ್ಷದ ಹುಡುಗನಾಗಿ ನಿಂತಿದ್ದೆ.

ನಮ್ಮ ಫುಟ್‌ಬಾಲ್ ಕೋಚ್ ಬ್ರೆಜಿಲ್‌ನವರು. ತಮ್ಮ ಊರಲ್ಲಿ ಹೆಸರಾದ ಆಟಗಾರ. ಮಂಡಿ ಕೈಕೊಟ್ಟ ಮೇಲೆ ದೇಶ ದೇಶ ಸುತ್ತಿ ಕಲಿಸಿದವರು. ಆ ಮಂಡಿಗೆ ಸದಾ ಇದೇ ಮುಲಾಮು. ಅಂದಿನ ಪಂದ್ಯ ಸೋತರೆ ಅವರ ಕೆಲಸ ಹೋಗುತ್ತದೆಂದು ನಮಗೆಲ್ಲ ಗೊತ್ತಿತ್ತು. ಕೊನೆಯ ಪೆನಾಲ್ಟಿ ನನ್ನ ಪಾಲಿಗೆ ಬಂತು. ಚೆಂಡು ಇಟ್ಟೆ. ಕೋಚ್ ಸರಕ್ಕನೆ ನನಗೆ ಬೆನ್ನು ಹಾಕಿ ನಿಂತುಬಿಟ್ಟರು!

"ಎಂಥಾ ಜನ ಮಾರ್ರೆ ಇವ್ರು! ರಂಗಸ್ಥಳದಗೆ ಬೆನ್ನ್ ತೋರ್ಸುಕಾತ್ತಾ?" ಮೈದಾನದ ಅಂಚಿನಿಂದ ಗುಡುಗಿದರು ಅಪ್ಪ, ಕುಂದಾಪುರದ ಯಕ್ಷಗಾನ ವೇಷಧಾರಿ.

ನಾನು ಅಪ್ಪನತ್ತ ತಿರುಗಿದೆ. ಕಟ್ಟಕಡೆಯ ಸಾಲಿಗೂ ಕಾಣುವಂತೆ ಭಯ ತೋರಿಸಿ ಪಳಗಿದ ಮುಖ ಅದು. ಆ ಅರಳಿದ ಕಣ್ಣುಗಳ ಭಯ ನೇರ ನನ್ನ ಕಾಲಿಗಿಳಿಯಿತು. ಚೆಂಡು ಗೋಲಿನ ಮೇಲಿಂದ ಹಾರಿಹೋಯಿತು.

ಕೋಚ್ ಬಂದು ನನ್ನ ಭುಜ ಹಿಡಿದರು. "ನನ್ನ ಕೊನೆಯ ಪೆನಾಲ್ಟಿಗೆ ಮೊದಲು ನಾನು ಕೋಚ್ ಮುಖ ನೋಡಿದೆ. ಹೆದರಿ ಹೊರಗೆ ಹೊಡೆದೆ. ನನ್ನ ಮುಖ ನಿನಗೆ ಕಾಣಬಾರದು ಅಂತಲೇ ತಿರುಗಿ ನಿಂತದ್ದು," ಎಂದರು, ಹರಕು ಇಂಗ್ಲಿಷಿನಲ್ಲಿ.

ಮುಂದಿನ ವಾರ ಅವರಿರಲಿಲ್ಲ.

"ಮಾಮ, ನಾಳೆ ಮ್ಯಾಚ್‌ನಲ್ಲಿ ಪೆನಾಲ್ಟಿ ಬಂದ್ರೆ ಹೊಡೆಯೋದು ನಾನೇ. ಆರ್ ಯೂ ಕಮಿಂಗ್?" ಎನ್ನುತ್ತಾಳೆ ಈಗ ಅಕ್ಕನ ಮಗಳು.

ಅಪ್ಪನ ಮುಖವೇ ನನಗೂ ಬಂದಿದೆ, ಮಹಾಜನರೇ! ನಾಳೆ ಬೆಳಗ್ಗೆ ರೇನರ್ಸ್ ಲೇನ್ ಮೈದಾನಕ್ಕೆ ಹೋಗುತ್ತೇನೆ. ಅವಳು ಚೆಂಡು ಇಟ್ಟ ಕ್ಷಣವೇ ಬಾಯಿ ಮುಚ್ಚಿಕೊಂಡು, ಬೆನ್ನು ಹಾಕಿ ನಿಲ್ಲುತ್ತೇನೆ.